ಮುಂದಲೆಯ ಕೂದಲು

ವಿಗ್ ಕೊಳ್ಳಲು ಹೋದವರು ಮೊದಲು ಉದ್ದ ನೋಡುತ್ತಾರೆ, ಆಮೇಲೆ ಬಣ್ಣ. ನಿಜವಾಗಿ ನೋಡಬೇಕಾದ ಜಾಗ ಹಣೆ ಮುಗಿದು ಕೂದಲು ಶುರುವಾಗುವ ಆ ಅರ್ಧ ಇಂಚು. ಎದುರಿಗೆ ನಿಂತವರ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಅಲ್ಲಿ ಕೂದಲು ಒಂದೇ ಗೆರೆಯಲ್ಲಿ ದಟ್ಟವಾಗಿ ಎದ್ದು ನಿಂತಿದ್ದರೆ ನಲವತ್ತು ಸಾವಿರದ ವಿಗ್ಗೂ ವಿಗ್ಗಾಗಿಯೇ ಕಾಣುತ್ತದೆ. ಬಿಡಿಬಿಡಿಯಾಗಿ, ಸಣ್ಣ ದೊಡ್ಡ ಎಳೆ ಬೆರೆತು, ಸ್ವಲ್ಪ ಅಂಕುಡೊಂಕಾಗಿ ಹುಟ್ಟಿದ್ದರೆ ಒಂಬತ್ತು ಸಾವಿರದ್ದನ್ನೂ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಇದನ್ನು ನನಗೆ ತೋರಿಸಿಕೊಟ್ಟದ್ದು ಅಮ್ಮ, 2018ರಲ್ಲಿ, ಅವಳ ಸ್ತನ ಕ್ಯಾನ್ಸರ್‌ಗೆ ಕಿಮೋ ಶುರುವಾದ ವರ್ಷ.

ಅಮ್ಮ ಜಾಲಹಳ್ಳಿಯ ಎಚ್ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವಳು. ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ 1961ರಲ್ಲಿ ಶುರುವಾದ ಆ ಕಾರ್ಖಾನೆಗೆ ಅವಳು ಎಪ್ಪತ್ತರ ದಶಕದ ನಡುವಿನಲ್ಲಿ ಸೇರಿದಳು. ಅಸೆಂಬ್ಲಿಯಲ್ಲಿ ಸಾಲಾಗಿ ಕೂತು, ಒಂದು ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು, ಟ್ವೀಜರ್‌ನಲ್ಲಿ ಹಲ್ಲುಚಕ್ರ, ಸ್ಕ್ರೂ, ಹೇರ್‌ಸ್ಪ್ರಿಂಗ್ ಎತ್ತಿ ಕೂರಿಸುವ ಕೆಲಸ. ಕೂದಲು ಬಿಗಿಯಾಗಿ ಕಟ್ಟಿಕೊಂಡೇ ಒಳಗೆ ಹೋಗಬೇಕಿತ್ತಂತೆ. ‘ಒಂದೆಳೆ ಕೂದ್ಲು ಬಿದ್ರೆ ಸಾಕು, ವಾಚು ನಿಂತ್ಹೋಗುತ್ತೆ’ ಅನ್ನುತ್ತಿದ್ದಳು. ಎರಡು ಸಾವಿರದ ಇಸವಿಯ ಹೊತ್ತಿಗೆ ಸ್ವಯಂ ನಿವೃತ್ತಿ ತೆಗೆದುಕೊಂಡಳು. ಎಚ್ಎಂಟಿ ವಾಚಸ್ ಅನ್ನೇ ಮುಚ್ಚುವುದೆಂದು 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿದಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳ ಟ್ವೀಜರ್, ಐಗ್ಲಾಸ್ ಮಾತ್ರ ಹೊಲಿಗೆ ಮಷೀನಿನ ಖಾನೆಯಲ್ಲಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟು ಭದ್ರವಾಗಿದ್ದವು. ಕೈಯಲ್ಲಿ ಎಚ್ಎಂಟಿಯದೇ ಸುಜಾತಾ ವಾಚು.

ಕಿಮೋದ ಮೊದಲ ಸುತ್ತಿನಲ್ಲಿ ಕೊಡುವ ಕೆಂಪು ಔಷಧಿ ಮೈಗೆ ಹೋದ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ವೇಗವಾಗಿ ಬೆಳೆಯುವ ಕೋಶಗಳನ್ನು ಕೊಲ್ಲುವ ಔಷಧಿಗೆ ಗಡ್ಡೆ ಯಾವುದು, ಕೂದಲಿನ ಬುಡ ಯಾವುದು ಅನ್ನುವ ಭೇದ ಗೊತ್ತಾಗುವುದಿಲ್ಲ. ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ, ಸಾರಿನಲ್ಲಿ ಕೂದಲು. ಅಮ್ಮ ಬೇಸತ್ತು ಪೂರ್ತಿ ಬೋಳಿಸಿಕೊಂಡಳು. ಕಾಲೊನಿಯಲ್ಲಿ ಸಿಕ್ಕವರೆಲ್ಲ ‘ತಿರುಪತಿಗೆ ಹೋಗಿದ್ರಾ ಆಂಟಿ?’ ಅಂತ ಕೇಳುತ್ತಿದ್ದರು. ಹೂಂ ಅಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದೇವರ ಹೆಸರಲ್ಲಿ ಸುಳ್ಳು ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಅಮ್ಮನಿಗೆ ವಿಗ್ ಬೇಕಾದದ್ದು ಚೆಂದಕ್ಕಲ್ಲ. ಅವಳ ಅಜ್ಜಿ ಮಡಿ ಹೆಂಗಸು. ಇಪ್ಪತ್ತು ದಾಟುವ ಮುಂಚೆಯೇ ಗಂಡ ಹೋಗಿ, ಸಾಯುವ ತನಕ ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗು ಹೊದ್ದು ನಡುಮನೆಯ ಮೂಲೆಯಲ್ಲಿ ಬದುಕಿದವರು. ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಿಲ ಬಾಗಿಲಿಗೆ ಬರುವುದನ್ನು, ಅಜ್ಜಿ ತಲೆ ತಗ್ಗಿಸಿ ಕೂರುವುದನ್ನು ಅಮ್ಮ ಚಿಕ್ಕವಳಿದ್ದಾಗ ಕಂಡಿದ್ದಳು. ಈಗ ಅಪ್ಪ ಎದುರಿಗೇ ಪೇಪರ್ ಓದುತ್ತ ಕೂತಿರುವಾಗ ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಅಜ್ಜಿಯ ತಲೆ. ‘ನನಗೆ ಯಾರೂ ಹಂಗೆ ಮಾಡಿಲ್ಲ, ಔಷಧಿ ಮಾಡಿದ್ದು ಅಂತ ಗೊತ್ತು ಕಣೇ. ಆದ್ರೂ ನೋಡಕ್ಕಾಗಲ್ಲ’ ಅಂದಳು ಒಂದು ಮಧ್ಯಾಹ್ನ. ಬೋಳುತಲೆಯಲ್ಲೇ ಧೈರ್ಯವಾಗಿ ಓಡಾಡಬೇಕು, ಮುಚ್ಚಿಕೊಳ್ಳಬಾರದು ಅಂತ ಬುದ್ಧಿ ಹೇಳುವವರ ಸದುದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಮನೆಗಳ ಹೆಂಗಸರಿಗೆ ಬೋಳುತಲೆಯ ಹಿಂದೆ ಏನೇನಿದೆ ಅನ್ನುವುದನ್ನು ತಿಳಿಯದೆ ಆ ಮಾತಾಡಬಾರದು.

ಮೊದಲು ಹೋದದ್ದು ಕನ್ನಡಿ, ಏಸಿ, ಸೋಫಾ ಎಲ್ಲ ಇದ್ದ ಒಂದು ದೊಡ್ಡ ಅಂಗಡಿಗೆ. ಅಲ್ಲಿ ತೋರಿಸಿದ ವಿಗ್ಗುಗಳೆಲ್ಲ ಇಪ್ಪತ್ತೈದರ ಹುಡುಗಿಯರ ತಲೆಗೆ ಮಾಡಿದಂಥವು. ದಟ್ಟ, ಹೊಳಪು, ಕಂದು ಛಾಯೆ, ಹಣೆಯ ಅರ್ಧಕ್ಕೇ ಇಳಿದು ಬರುವ ಅಂಚು. ಬೆಲೆ ಕೇಳಿ ಅಮ್ಮ ಎದ್ದೇಬಿಟ್ಟಳು. ಇನ್ಶೂರೆನ್ಸಿನವರು ವಿಗ್ಗನ್ನು ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸುವುದಿಲ್ಲ ಅಂತ ಆಗಲೇ ಕೇಳಿ ತಿಳಿದಿದ್ದೆವು. ಹತ್ತು ಸಾವಿರದ ಒಳಗೆ ಮುಗಿಯಬೇಕು ಅನ್ನುವುದು ಅವಳ ಕಟ್ಟಪ್ಪಣೆ.

ಆಮೇಲೆ ಚಿಕ್ಕಪೇಟೆ. ಹಿಂದಿನ ವರ್ಷದ ಜೂನ್‌ನಲ್ಲಷ್ಟೇ ಮೆಟ್ರೊ ಹಸಿರು ಮಾರ್ಗ ನಾಗಸಂದ್ರದಿಂದ ಯಲಚೇನಹಳ್ಳಿಯ ತನಕ ಪೂರ್ತಿಯಾಗಿದ್ದರಿಂದ ಜಾಲಹಳ್ಳಿ ಕ್ರಾಸಿನಲ್ಲಿ ಹತ್ತಿದರೆ ಸೀದಾ ಚಿಕ್ಕಪೇಟೆಯಲ್ಲಿ ಇಳಿಯಬಹುದಿತ್ತು. ಕಿಮೋಗೆಂದು ಕಿದ್ವಾಯಿ ಆಸ್ಪತ್ರೆಗೆ ಹೋಗುವಾಗಲೂ ಅದೇ ರೈಲು, ಲಾಲ್‌ಬಾಗಿನಲ್ಲಿ ಇಳಿದು ಆಟೊ. ಭರತನಾಟ್ಯದ ಸಾಮಾನು, ಚೌರಿ, ಜಡೆಬಿಲ್ಲೆ, ಮದುಮಗಳ ಮೊಗ್ಗಿನ ಜಡೆಗೆ ಬೇಕಾದ್ದೆಲ್ಲ ಮಾರುವ ಒಂದು ಕಿರಿದಾದ ಅಂಗಡಿಯಲ್ಲಿ, ಮೇಲಿನ ಅಟ್ಟದಿಂದ ಡಬ್ಬಗಳನ್ನು ಇಳಿಸಿದರು.

ಅಂಗಡಿಯಾತ ತಾಳ್ಮೆಯವನು. ಮೂರು ಬಗೆ ಎದುರಿಗಿಟ್ಟ. ಮೊದಲನೆಯದು ಸಿಂಥೆಟಿಕ್, ಎರಡು ಸಾವಿರದ ಆಸುಪಾಸು. ತೊಳೆದರೂ ಆಕಾರ ಕೆಡುವುದಿಲ್ಲ, ಆದರೆ ಪ್ಲಾಸ್ಟಿಕ್ಕಿನ ಮಿರುಗು, ಮೇಲಾಗಿ ಬೆಂಕಿಗೆ ಆಗದು. ದಿನಕ್ಕೆರಡು ಸಲ ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುವವಳ ಮುಂದಲೆ ಒಂದು ವಾರದಲ್ಲಿ ಸುಕ್ಕುಗಟ್ಟುತ್ತದೆ. ಎರಡನೆಯದು ನಿಜ ಕೂದಲಿನದೇ, ಆದರೆ ಪೂರ್ತಿ ಮಷೀನಿನಲ್ಲಿ ಹೊಲಿದದ್ದು. ಕೂದಲನ್ನು ಪಟ್ಟಿಪಟ್ಟಿಯಾಗಿ ಹೊಲಿದು ಟೋಪಿಗೆ ಸುತ್ತುತ್ತಾರೆ. ಮುಂದೆ ಆ ಪಟ್ಟಿಯ ದಪ್ಪ ಅಂಚನ್ನು ಮುಚ್ಚಲು ಹಣೆಯ ಮೇಲೆ ಕೂದಲು ಇಳಿಬಿಡಲೇಬೇಕು. ಹಣೆಯಲ್ಲಿ ಕುಂಕುಮ ಕಾಣುವಂತೆ ಹಿಂದಕ್ಕೆ ಬಾಚಿ ತುರುಬು ಕಟ್ಟುವ ನಮ್ಮವರಿಗೆ ಅದು ಆಗದ ಮಾತು. ಮೂರನೆಯದು ಫ್ರಂಟ್ ಲೇಸ್. ಹಿಂದೆಲ್ಲ ಅದೇ ಮಷೀನಿನ ಪಟ್ಟಿ, ಮುಂದೆ ಮಾತ್ರ ಈ ಕಿವಿಯಿಂದ ಆ ಕಿವಿಯವರೆಗೆ ಚರ್ಮದ ಬಣ್ಣದ ತೆಳು ನೆಟ್ಟು, ಅದರ ಒಂದೊಂದು ಕಣ್ಣಿಗೂ ಒಂದೋ ಎರಡೋ ಎಳೆ ಕೈಯಲ್ಲಿ ಗಂಟು ಹಾಕಿದ್ದು. ಪೂರ್ತಿ ತಲೆಗೆ ಹಾಗೆ ಮಾಡಿದರೆ ಬೆಲೆ ಮೂರು ಪಟ್ಟು. ಮುಂದೆ ಮಾತ್ರ ಮಾಡಿದ್ದರಿಂದ ಕೈಗೆಟಕುತ್ತದೆ.

ಅಮ್ಮ ಅದನ್ನು ತಿರುಗಿಸಿ, ನೆಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಇದನ್ನ ಯಾರಪ್ಪಾ ಕೂತ್ಕೊಂಡು ಹಾಕೋದು?’ ಅಂತ ಕೇಳಿದಳು. ಸಣ್ಣ ಕೊಕ್ಕೆ ಸೂಜಿ ಇರುತ್ತೆ ಅಮ್ಮಾ, ಕ್ರೋಶಾ ಕಡ್ಡಿ ಥರ, ಅದಕ್ಕಿಂತ ಸಣ್ಣದು ಅಂದ ಆತ. ಪೌರಾಣಿಕ ನಾಟಕದವರಿಗೆ ಇಷ್ಟೆಲ್ಲ ಬೇಕಿರಲಿಲ್ಲ, ಕಿರೀಟ, ಮುಂದಲೆಬೊಟ್ಟು ಅಂಚನ್ನು ಮುಚ್ಚಿಬಿಡುತ್ತಿದ್ದವು. ಸಿನಿಮಾದವರಿಗೆ ಕ್ಯಾಮೆರಾ ಮುಖದ ಹತ್ತಿರ ಬಂದ ಮೇಲೆ ಈ ನೆಟ್ಟು ಬೇಕಾಯಿತು, ಈಗ ಎಲ್ಲರಿಗೂ ಸಿಗುತ್ತಿದೆ ಅಂತಲೂ ಹೇಳಿದ. ಅಮ್ಮ ಅಂಗಡಿಯ ಟ್ಯೂಬ್‌ಲೈಟಿನಡಿ ಒಪ್ಪಲಿಲ್ಲ. ರಸ್ತೆಗೆ ಬಂದು ಬಿಸಿಲಿನಲ್ಲಿ ನೆಟ್ಟನ್ನು ತನ್ನ ಕೈಯ ಮೇಲಲ್ಲ, ಹಣೆಯ ಮೇಲೆ ಇಟ್ಟು ನೋಡಿದಳು. ಕೈಯ ಬಣ್ಣ ಬೇರೆ, ಹಣೆಯ ಬಣ್ಣ ಬೇರೆ. ಬಿಳಿ ನೆಟ್ಟು ಬಿಟ್ಟು ಗೋಧಿಗೆಂಪಿನದನ್ನು ಆರಿಸಿದಳು. ಕೂದಲಿನಲ್ಲಿ ಕಡುಗಪ್ಪು ಬೇಡವೆಂದು ಕಪ್ಪಿಗಿಂತ ಒಂದು ಮೆಟ್ಟಿಲು ಕೆಳಗಿನದು. ಅಂಗಡಿಯವರು ಅದನ್ನು ‘ಒನ್ ಬಿ’ ಅನ್ನುತ್ತಾರೆ. ಇದ್ದುದರಲ್ಲೇ ತೆಳುವಾದದ್ದನ್ನು ಆರಿಸಿದಳು. ಅರವತ್ತು ದಾಟಿದವಳ ತಲೆಯಲ್ಲಿ ಅಷ್ಟು ಕೂದಲು ಯಾಕಿರುತ್ತೆ ಅನ್ನುವುದು ಅವಳ ನ್ಯಾಯ. ಮನೆಯಿಂದಲೇ ಟೇಪಿನಲ್ಲಿ ಹಣೆಯಂಚಿನಿಂದ ಕಿವಿಯ ಹಿಂದೆ ಹಾದು ಕತ್ತಿನ ಬುಡದ ಸುತ್ತ ಅಳತೆ ತೆಗೆದುಕೊಂಡು ಹೋಗಿದ್ದೆವು. ಕೂದಲಿಲ್ಲದ ತಲೆ ಸ್ವಲ್ಪ ಚಿಕ್ಕದಾಗುತ್ತದೆ, ಮಧ್ಯಮ ಸೈಜಿನದು ಸಡಿಲವಾಗಿ ಸರಿಯುತ್ತದೆ. ಸಣ್ಣ ಸೈಜು ಕೇಳಿ ಪಡೆಯಬೇಕು. ಒಂಬತ್ತು ಸಾವಿರಕ್ಕೆ ಮುಗಿಯಿತು.

ಆದರೆ ಡಬ್ಬದಿಂದ ತೆಗೆದದ್ದನ್ನು ಹಾಗೇ ತಲೆಗೇರಿಸುವುದಲ್ಲ. ನಿಜವಾದ ಕೆಲಸ ಅಲ್ಲಿಂದ ಶುರು.

ಬೆಳಗಿನ ಬಿಸಿಲು ಬೀಳುವ ಹಜಾರದ ಕಿಟಕಿಯ ಬಳಿ, ಸಣ್ಣ ಸ್ಟೀಲ್ ಕೊಡವನ್ನು ಬೋರಲು ಹಾಕಿ ಟವೆಲ್ ಸುತ್ತಿ, ಅದರ ಮೇಲೆ ವಿಗ್ಗನ್ನು ಗುಂಡುಪಿನ್ನುಗಳಿಂದ ನಿಲ್ಲಿಸಿದಳು. ಹೊಲಿಗೆ ಮಷೀನಿನ ಖಾನೆಯಿಂದ ಐಗ್ಲಾಸ್ ಹೊರಬಂತು, ಟ್ವೀಜರ್ ಹೊರಬಂತು. ಕಿಮೋದಿಂದ ಬೆರಳ ತುದಿ ಜೋಮು ಹಿಡಿದಿದ್ದರೂ ಟ್ವೀಜರ್ ಸಿಕ್ಕ ಕೂಡಲೇ ಕೈ ತನ್ನ ಕೆಲಸ ಗುರುತಿಸಿತು. ಅಂಚಿನಿಂದ ಕಾಲಿಂಚು ಒಳಗೆ ಬಿಟ್ಟು, ಒಂದೊಂದೇ ಎಳೆ ಕಿತ್ತಳು. ಒಂದೇ ಕಡೆ ಸತತವಾಗಿ ಕೀಳುವಂತಿಲ್ಲ, ನೆಟ್ಟು ಬೋಳಾಗುತ್ತದೆ. ಇಲ್ಲೊಂದು, ಅಲ್ಲೊಂದು ಕಿತ್ತು, ದೂರ ಸರಿದು ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಹತ್ತಿರ. ಕಣತಲೆಯ ಮೇಲೆ ಸ್ವಲ್ಪ ಒಳಕ್ಕೆ ಸರಿಸಿದಳು. ಅವಳ ಹಳೆಯ ಫೋಟೊಗಳಲ್ಲಿ ಎಡಗಡೆ ಬಲಗಡೆಗಿಂತ ತುಸು ಹೆಚ್ಚು ಒಳಗಿತ್ತು, ಅದನ್ನೂ ಹಾಗೇ ಮಾಡಿದಳು. ಎರಡೂ ಬದಿ ಸಮವಾಗಿದ್ದರೆ ಅದು ಅವಳ ಮುಖವಾಗುತ್ತಿರಲಿಲ್ಲ. ಕಿವಿಯ ಮುಂದೆ ನಾಲ್ಕಾರು ಎಳೆಗಳನ್ನು ಕತ್ತರಿಸಿ ಚಿಕ್ಕದು ಮಾಡಿ ಹಸುಗೂದಲಿನಂತೆ ಬಿಟ್ಟಳು.

ಬೈತಲೆ ಅವಳಿಗೆ ಎಲ್ಲಕ್ಕಿಂತ ಮುಖ್ಯ. ನೆಟ್ಟಿನ ಮೇಲೆ ಗಂಟುಗಳು ಕರಿ ಚುಕ್ಕೆಯಾಗಿ ಕಾಣುತ್ತಿದ್ದವು. ಅವನ್ನು ಬ್ಲೀಚ್ ಮಾಡಿ ತಿಳಿಯಾಗಿಸುವ ಪದ್ಧತಿಯಿದೆ. ಬ್ಲೀಚ್ ಸ್ವಲ್ಪ ಹೆಚ್ಚಾದರೂ ಗಂಟು ಸಡಿಲವಾಗಿ ಕೂದಲು ಉದುರುತ್ತದೆ, ಬುಡ ಕೆಂಪಾಗುತ್ತದೆ. ಅಮ್ಮ ಆ ಗೋಜಿಗೆ ಹೋಗದೆ ನೆಟ್ಟಿನ ಒಳಮೈಗೆ ತನ್ನ ಮೈಬಣ್ಣದ ಕಾಂಪ್ಯಾಕ್ಟ್ ಪೌಡರನ್ನು ಹಳೆಯ ಟೂತ್‌ಬ್ರಶ್ಶಿನಿಂದ ತಟ್ಟಿದಳು. ಚುಕ್ಕೆಗಳು ಮಸುಕಾದವು. ಬೈತಲೆಯ ಮೊದಲ ಎರಡು ಇಂಚಿನಲ್ಲಿ ಇನ್ನಷ್ಟು ಎಳೆ ಕಿತ್ತು ಅಗಲ ಮಾಡಿದಳು. ನಲವತ್ತು ವರ್ಷ ಒಂದೇ ಕಡೆ ಬೈತಲೆ ತೆಗೆದವಳ ತಲೆ ಹಾಗೇ ಇರುತ್ತದೆ. ಆಮೇಲೆ ಉದುರುವ ಮುಂಚೆ ತೆಗೆದಿಟ್ಟುಕೊಂಡಿದ್ದ ತನ್ನದೇ ಬಿಳಿ ಕೂದಲನ್ನು ಸಣ್ಣ ಕ್ರೋಶಾ ಕಡ್ಡಿಯಿಂದ ಬೈತಲೆಯ ಎರಡೂ ಪಕ್ಕ, ಕಣತಲೆಯಲ್ಲಿ ಗಂಟು ಹಾಕಿದಳು. ಮಿಕ್ಕ ನೆಟ್ಟನ್ನು ನೇರವಾಗಿ ಕತ್ತರಿಸದೆ ಸಣ್ಣ ಸಣ್ಣ ಏರಿಳಿತವಾಗಿ ಕತ್ತರಿಸಿದಳು. ನೇರ ಗೆರೆ ಹಣೆಯ ಮೇಲೆ ಎದ್ದು ಕಾಣುತ್ತದೆ. ಇಷ್ಟಕ್ಕೆ ಹಲವು ಬೆಳಗುಗಳು ಹಿಡಿದವು. ಕಿಮೋ ಆದ ಮರುದಿನಗಳಲ್ಲಿ ಅವಳಿಗೆ ಕೂರಲೂ ಶಕ್ತಿ ಇರುತ್ತಿರಲಿಲ್ಲ. ಮತ್ತೆ ಎದ್ದ ದಿನ ಮೊದಲು ಹೋಗುತ್ತಿದ್ದದ್ದು ಕಿಟಕಿಯ ಬಳಿಗೆ.

ತಲೆಯ ಚರ್ಮ ಆಗ ಮುಟ್ಟಿದರೆ ನೋಯುವಷ್ಟು ಸೂಕ್ಷ್ಮ. ಅಂಟು, ಎರಡು ಬದಿಯ ಟೇಪು ಯಾವುದನ್ನೂ ಹತ್ತಿರ ಸೇರಿಸಲಿಲ್ಲ. ಒಳಗೆ ತೆಳು ಹತ್ತಿ ಬಟ್ಟೆಯ ಟೋಪಿ, ವಿಗ್ಗಿನ ಒಳಗೆ ಕಿವಿಯಿಂದ ಕಿವಿಗೆ ಹೊಲಿದ ಅಗಲ ಎಲಾಸ್ಟಿಕ್ ಪಟ್ಟಿ, ಅಷ್ಟೇ. ನೆಟ್ಟು ಹಣೆಗೆ ಸರಿಯಾಗಿ ಅಂಟಿ ಕೂರುತ್ತಿತ್ತು. ಎಣ್ಣೆಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳ. ಕೊಬ್ಬರಿ ಎಣ್ಣೆ ಮುಟ್ಟದ ಕೂದಲು ಅವಳ ಪಾಲಿಗೆ ಕೂದಲೇ ಅಲ್ಲ. ಎಣ್ಣೆ ಗಂಟಿಗೆ ಇಳಿದರೆ ಗಂಟು ಜಾರುತ್ತದೆ. ತುದಿಗೆ ಮಾತ್ರ, ಅಂಗೈಗೆ ಸವರಿ ಒರೆಸಿದಷ್ಟು ಅಂತ ಒಪ್ಪಂದವಾಯಿತು. ತಿಂಗಳಿಗೆರಡು ಸಲ ತಣ್ಣೀರಿನಲ್ಲಿ ಶಾಂಪೂ ಕದಡಿ ಅದ್ದಿ ತೆಗೆಯುವುದು, ಉಜ್ಜುವಂತಿಲ್ಲ, ಹಿಂಡುವಂತಿಲ್ಲ, ಟವೆಲ್ಲಿನಲ್ಲಿ ಒತ್ತಿ ಕೊಡದ ಮೇಲೆ ನೆರಳಿನಲ್ಲಿ ಆರಿಸುವುದು. ಬಾಚುವಾಗ ತುದಿಯಿಂದ ಮೇಲಕ್ಕೆ. ತುರುಬಿಗೆ ಮಲ್ಲಿಗೆ ಮುಡಿದರೆ ಭಾರಕ್ಕೆ ಹಿಂದಕ್ಕೆ ಎಳೆಯುತ್ತಿತ್ತು. ಒಳಗಿನ ಪಟ್ಟಿಗೇ ಒಂದು ಕೊಕ್ಕೆ ಹೊಲಿದು ಹೂವಿನ ದಾರವನ್ನು ಅದಕ್ಕೆ ಸಿಕ್ಕಿಸಿದಳು. ಹೂ ಮುಡಿದು ಗಂಗಮ್ಮನ ಗುಡಿಗೆ ಹೋದ ಶುಕ್ರವಾರ, ಹೂವಾಡಗಿತ್ತಿ ‘ಈಗ ಹುಷಾರಾದ್ರಾ ಅಮ್ಮಾ, ಮುಖ ಕಳೆ ಬಂತು’ ಅಂದಳು. ಮನೆಗೆ ಬಂದು ಅಮ್ಮ ಆ ಮಾತನ್ನು ಅಪ್ಪನಿಗೆ ಮೂರು ಸಲ ಹೇಳಿದಳು.

ಆ ಕೂದಲು ಎಲ್ಲಿಂದ ಬಂತು ಅನ್ನುವ ಯೋಚನೆ ನನಗೆ ಮೊದಲು ಬಂದಿರಲಿಲ್ಲ. ನಮ್ಮ ಬೀದಿಯಲ್ಲಿ ‘ತಲೆಕೂದ್ಲೂ...’ ಅಂತ ಕೂಗುತ್ತ ಬರುವ ಹೆಂಗಸರಿದ್ದರು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಉಂಡೆ ಮಾಡಿ ಅಮ್ಮ ಬಚ್ಚಲ ಕಿಟಕಿಯ ಸಂದಿಗೆ ಸಿಕ್ಕಿಸಿಡುತ್ತಿದ್ದಳು. ಒಂದು ಚೀಲ ತುಂಬಿದಾಗ ಅದಕ್ಕೆ ಸ್ಟೀಲ್ ಲೋಟ, ಪಿನ್ನು. ದೇವರಿಗೆ ಮುಡಿ ಕೊಟ್ಟ ಕೂದಲಿನ ದಾರಿ ಬೇರೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಇಳಿದ ಕೂದಲನ್ನು ದೇವಸ್ಥಾನದ ಆಡಳಿತವಾದ ಟಿಟಿಡಿ ಹರಾಜು ಹಾಕುತ್ತದೆ. ಅದರ ಆದಾಯ ನೂರು ಕೋಟಿ ದಾಟಿದ ವರ್ಷಗಳಿವೆ. ಜುಟ್ಟು ಹಿಡಿದು ಒಮ್ಮೆಗೇ ಬೋಳಿಸಿದ್ದರಿಂದ ಅದರಲ್ಲಿ ಬುಡವೆಲ್ಲ ಒಂದೇ ಕಡೆ, ತುದಿಯೆಲ್ಲ ಒಂದೇ ಕಡೆ. ‘ರೆಮಿ’ ಅಂತ ಹೆಚ್ಚು ಬೆಲೆಗೆ ಮಾರುವುದು ಇದನ್ನೇ. ಬೀದಿಯಲ್ಲಿ ಕೊಂಡ ಉಂಡೆಗಳಲ್ಲಿ ಬುಡ ತುದಿ ಬೆರೆತಿರುತ್ತವೆ. ಕೂದಲಿನ ಮೇಲೆ ಕಣ್ಣಿಗೆ ಕಾಣದ ಪದರಗಳು ಬುಡದಿಂದ ತುದಿಯ ಕಡೆಗೆ ಮಲಗಿರುತ್ತವೆ; ತಲೆಕೆಳಗಾದ ಎಳೆಗಳು ಪಕ್ಕದಲ್ಲಿದ್ದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಆಮ್ಲದಲ್ಲಿ ಅದ್ದಿ ಆ ಪದರವನ್ನು ಬಹುಮಟ್ಟಿಗೆ ಕಳೆದು, ಸಿಲಿಕೋನ್ ಲೇಪಿಸುತ್ತಾರೆ. ನಾಲ್ಕಾರು ನೀರು ಕಂಡ ಮೇಲೆ ಲೇಪ ಹೋಗಿ ಸಿಕ್ಕು ಶುರು. ಅಗ್ಗದ ನಿಜಗೂದಲಿನ ವಿಗ್ಗುಗಳು ಬಹುಪಾಲು ಇಂಥವೇ. ಹಾಗಂತ ತೆಗೆದುಹಾಕುವಂಥವಲ್ಲ, ಕಿಮೋದ ಆರೆಂಟು ತಿಂಗಳು ದಾಟಿಸಲು ಧಾರಾಳವಾಗಿ ಸಾಕು.

ಈ ಬುಡ ತುದಿಯ ಭೇದವನ್ನು ನಮಗೆ ಬೆರಳಿನಿಂದಲೇ ಹೇಳಿಕೊಟ್ಟವಳು ಕಿದ್ವಾಯಿಯಲ್ಲಿ ಸಿಕ್ಕ ಕೊಪ್ಪಳ ಕಡೆಯ ಹೆಂಗಸು. 1973ರಲ್ಲಿ ಶುರುವಾದ ಆ ಆಸ್ಪತ್ರೆಗೆ ರಾಯಚೂರು, ಕಲಬುರಗಿ, ಕೊಪ್ಪಳದಿಂದ ರಾತ್ರಿ ಬಸ್ಸಿನಲ್ಲಿ ಬರುವವರು ಬಹಳ. ಅವಳು ಧರ್ಮಶಾಲೆಯಲ್ಲಿ ಇಳಿದುಕೊಂಡು ಅಮ್ಮನ ದಿನವೇ ಕಿಮೋಗೆ ಬರುತ್ತಿದ್ದಳು, ತಲೆಗೆ ಬಿಗಿಯಾಗಿ ಸೆರಗು ಹೊದ್ದು. ಬೆಂಚಿನಲ್ಲಿ ಪಕ್ಕ ಕೂತವಳು ಅಮ್ಮನ ಹೆಗಲ ಮೇಲೆ ಇಳಿದಿದ್ದ ನಾಲ್ಕಾರು ಎಳೆಗಳನ್ನು ಒಟ್ಟಿಗೆ ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ, ‘ಇದು ಉಂಡಿ ಕೂದ್ಲರೀ ಅಮ್ಮಾರ. ಮ್ಯಾಲಿಂದ ಎಳದ್ರೂ ಕೆಳಗಿಂದ ಎಳದ್ರೂ ಬೆರಳಿಗೆ ಹತ್ತತೈತಿ. ನಾವ ಬಿಡಿಸಿದ್ದು ಇರಬೇಕ್ರಿ’ ಅಂದಳು. ಅಮ್ಮ ಗಾಬರಿಯಾಗಲಿಲ್ಲ, ಸರಿದು ಜಾಗ ಕೊಟ್ಟಳು.

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ನೇಕಾರಿಕೆಗೆ ಹೇಗೋ ಹಾಗೆ ಕೂದಲಿನ ಕೆಲಸಕ್ಕೂ ಹೆಸರಾದ ಊರು. ಬೀದಿಬೀದಿ ತಿರುಗಿ ಕೊಂಡ ಉಂಡೆಗಳು ಅಲ್ಲಿಗೆ ಹೋಗುತ್ತವೆ. ಹೆಂಗಸರು ಮೂಟೆಯ ಮುಂದೆ ಕೂತು ಸೂಜಿಯಿಂದ ಸಿಕ್ಕು ಬಿಡಿಸುತ್ತಾರೆ. ಆಮೇಲೆ ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಬಾಚಿ, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟುತ್ತಾರೆ. ಕಟ್ಟುಗಳು ಚೀನಾಕ್ಕೆ ಹೋಗಿ ವಿಗ್ಗಾಗಿ ಬರುತ್ತವೆ. ಕಚ್ಚಾ ಕೂದಲೇ ಹೊರದೇಶಕ್ಕೆ ಹೋಗಿಬಿಟ್ಟರೆ ಈ ಕೈಗಳಿಗೆ ಕೆಲಸವಿಲ್ಲ. ಆ ರಫ್ತಿಗೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಿದ್ದು 2022ರ ಜನವರಿಯಲ್ಲಿ. ವರ್ಷಗಟ್ಟಲೆ ಕೂದಲು ಬಿಡಿಸಿದವಳಿಗೆ ತನ್ನ ತಲೆಗೆ ಒಂದು ವಿಗ್ ಕೊಳ್ಳುವ ಶಕ್ತಿಯಿಲ್ಲ. ಇದು ನನಗೆ ಇವತ್ತಿಗೂ ಸಹಿಸಲಾಗದ ಅನ್ಯಾಯ.

ಅಮ್ಮ ಅವಳನ್ನೇ ನೋಡುತ್ತಿದ್ದಳು, ಅವಳ ಸೆರಗನ್ನು. ‘ನೀನು ಯಾವಾಗ್ಲೂ ಸೆರಗು ಹೊದ್ದೇ ಇರ್ತೀಯ ಅಲ್ವೇನಮ್ಮ? ಹಂಗಾದ್ರೆ ನಿಂಗೆ ಪೂರ್ತಿ ವಿಗ್ ಯಾಕೆ?’ ಅಂದಳು. ಸೆರಗಿನ ಹೊರಗೆ ಕಾಣುವುದು ಮುಂದಿನ ನಾಲ್ಕು ಬೆರಳು ಮಾತ್ರ. ಚಿಕ್ಕಪೇಟೆಯಲ್ಲಿ ಹದಿಮೂರಕ್ಕೆ ನಾಲ್ಕು ಇಂಚಿನ ಮುಂದಲೆ ತುಂಡು ಬಿಡಿಯಾಗಿ ಸಿಗುತ್ತದೆ, ಇಡೀ ವಿಗ್ಗಿಗಿಂತ ಬಹಳ ಕಡಿಮೆಗೆ. ಅದರಲ್ಲೇ ಗಿಡ್ಡ ಕೂದಲಿನದಕ್ಕೆ ಇನ್ನೂ ಕಡಿಮೆ. ಹಿಂದಕ್ಕೆ ಬಾಚಿ ಸೆರಗಿನೊಳಗೆ ಸೇರಿದ ಮೇಲೆ ಉದ್ದ ಯಾರಿಗೆ ಬೇಕು? ಅಮ್ಮ ಅಪ್ಪನ ಹಳೆಯ ಬಿಳಿ ಪಂಚೆ ಕತ್ತರಿಸಿ ಟೋಪಿ ಹೊಲಿದು ಅದರ ಮುಂದಕ್ಕೆ ಆ ತುಂಡನ್ನು ಕೂಡಿಸಿದಳು. ಅಂಚು ಕಿತ್ತಳು, ಬೈತಲೆ ಅಗಲ ಮಾಡಿದಳು, ಪೌಡರು ತಟ್ಟಿದಳು. ಹಿಂದೆ ತುರುಬಿನ ಉಬ್ಬು ಬರಲಿ ಅಂತ ಹತ್ತಿಯ ಒಂದು ಸಿಂಬೆ.

ಮುಂದಿನ ಸಲ ಧರ್ಮಶಾಲೆಯ ಕನ್ನಡಿಯ ಮುಂದೆ ಅವಳು ಅದನ್ನು ಹಾಕಿಕೊಂಡು, ಸೆರಗು ಎಳೆದು, ಬೈತಲೆಗೆ ಕುಂಕುಮ ಇಟ್ಟು, ಮುಖ ಆಚೆ ಈಚೆ ತಿರುಗಿಸಿದಳು. ಆಮೇಲೆ ಅದನ್ನು ತೆಗೆದು ಒಳಗು ಮಾಡಿ, ನೆಟ್ಟಿನ ಗಂಟುಗಳನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸಿ ಪರೀಕ್ಷೆ ಮಾಡಿದಳು. ಬಿಳಿ ಎಳೆ ಯಾಕೆ ಹಾಕಲಿಲ್ಲ ಅಂತ ಕೇಳಿದಳು. ತನಗೂ ಮುಂದಲೆಯಲ್ಲಿ ನಾಲ್ಕು ಬೆಳ್ಳಗಾಗಿದ್ದವು ಅಂದಳು. ತಂದ ಬೆಲೆ ಕೇಳಿ, ಕೂದಲಿಗೆಷ್ಟು ನೆಟ್ಟಿಗೆಷ್ಟು ಅಂತ ಬಿಡಿಸಿ ಕೇಳಿ, ಬೆರಳು ಮಡಿಸಿ ಲೆಕ್ಕ ಹಾಕಿದಳು.

‘ನೆಟ್ಟಿನ ಅರಿವಿ ಒಂದೀಟು ಕಳಸ್ರಿ ಅಮ್ಮಾರ, ಆ ಕೊಕ್ಕಿ ಸೂಜೀನೂ. ಕೂದ್ಲ ನಮ್ಮಲ್ಲೇ ಬೇಕಾದಷ್ಟು ಐತಿ. ನಮ್ಮ ಓಣ್ಯಾಗ ಇನ್ನೊಬ್ಬಾಕಿಗೆ ಇದ ಬ್ಯಾನಿ ಐತ್ರಿ.’

ಅಮ್ಮ ಮರುವಾರವೇ ನೆಟ್ಟು ತಂದಳು, ಗೋಧಿಗೆಂಪಿನದೊಂದು, ಅದಕ್ಕಿಂತ ಕಪ್ಪಗಿನದೊಂದು. ಕೊಕ್ಕೆ ಸೂಜಿ, ಎಲಾಸ್ಟಿಕ್ಕು, ಕಾಗದದಲ್ಲಿ ಕತ್ತರಿಸಿದ ಟೋಪಿಯ ಅಳತೆ, ಗಂಟು ಹಾಕುವ ಕ್ರಮವನ್ನು ಬಿಡಿಸಿದ ಚಿತ್ರ. ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಹೊಲಿದು, ಅಪ್ಪನ ಕೈಯಲ್ಲಿ ಕೊಪ್ಪಳದ ವಿಳಾಸ ಬರೆಸಿ, ನಮ್ಮ ಕಾಲೊನಿಯ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದಳು. ಖಾನೆಯಲ್ಲಿ ಇನ್ನೊಂದು ಟ್ವೀಜರ್ ಇತ್ತು, ತುದಿ ಸ್ವಲ್ಪ ಸವೆದದ್ದು. ಅದನ್ನೂ ಸಾಣೆ ಹಿಡಿಸಿ ಚೀಲಕ್ಕೆ ಸೇರಿಸಿದ್ದಳು.